ಟೇಲರಮ್ಮ ಹತ್ತು ಎಣಿಸುವವರೆಗೆ

ಸರಕು ನೋಡಿ ಬೆಲೆ ಹೇಳುವುದು ನನ್ನ ಕಸುಬು. ಗುಂಡಿ, ದಾರ, ಜಿಪ್ಪು, ಸೂಜಿ, ಕತ್ತರಿ ಮಾರುತ್ತ ಮೂವತ್ತೊಂದು ವರ್ಷವಾಯಿತು. ಮೆಟ್ಟಿಲು ಹತ್ತುವವರ ಚಪ್ಪಲಿ ಸದ್ದಿನಲ್ಲೇ ಇವರು ಕೊಳ್ಳುವವರೋ, ಬರೀ ಕೆದಕಿ ಹೋಗುವವರೋ ಎಂದು ಹೇಳಬಲ್ಲೆ. ಆ ತಕ್ಕಡಿಯಲ್ಲಿ ಪಕ್ಕದ ಅಂಗಡಿಯ ಟೇಲರಮ್ಮನನ್ನು ತೂಗಿದರೆ ಹೀಗೆ: ವಯಸ್ಸು ಐವತ್ತೆಂಟು. ಎತ್ತರ ನನ್ನ ಕೌಂಟರಿನ ಮೇಲೆ ಗದ್ದ ಊರುವಷ್ಟು. ಕಣ್ಣು ಚೂಪು, ಕನ್ನಡಕ ದಪ್ಪ. ಬಾಯಲ್ಲಿ ಸದಾ ಮೂರು ಗುಂಡುಸೂಜಿ. ಅವನ್ನು ಕಚ್ಚಿಕೊಂಡೇ ಮಾತಾಡುವುದರಿಂದ ಮಾತು ಕಡಿಮೆ, ಆಡಿದ್ದು ಮಾತ್ರ ಚುಚ್ಚುತ್ತದೆ. ಹೊಲಿಗೆ ಗಟ್ಟಿ, ವಾಯಿದೆ ಪೊಳ್ಳು. ಮಂಗಳವಾರ ಎಂದರೆ ಶುಕ್ರವಾರ ಎಂದು ತಿಳಿಯಬೇಕು. ಯಾವ ವಾರದ ಶುಕ್ರವಾರ ಎಂದು ಕೇಳುವ ಎದೆಗಾರಿಕೆ ಗಿರಾಕಿಗಳಿಗಿಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ನಿಧಾನವಾಗಿ ಬಿಕರಿಯಾಗುವ ಮಾಲು. ಬಣ್ಣ ಬಿಡುವುದಿಲ್ಲ, ಆದರೆ ಕೊಳ್ಳುವವನಿಗೆ ತಾಳ್ಮೆ ಬೇಕು.

ನಿಧಾನಕ್ಕೊಂದು ಕಾರಣವಿದೆ. ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಕೈಗೆತ್ತಿಕೊಂಡ ಮೇಲೆ ಟೇಲರಮ್ಮ ಕತ್ತರಿಸುವುದಿಲ್ಲ. ಕತ್ತರಿಯ ಬಾಯಿ ಮುಚ್ಚಿಸಿ ಬಟ್ಟೆಯ ಮೇಲೆ ಮಲಗಿಸುತ್ತಾರೆ. ಕೈ ಹಿಂದೆ ಕಟ್ಟಿಕೊಂಡು, ಬಟ್ಟೆಯ ಉದ್ದಗಲಕ್ಕೂ ಕಣ್ಣಾಡಿಸುತ್ತ, ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾರೆ. ಆಮೇಲೆ ಟೇಪು ಹಿಡಿದು ಇನ್ನೊಮ್ಮೆ ಅಳೆಯುತ್ತಾರೆ. ಅಂಗಿಯಲ್ಲಿ ಎಷ್ಟು ತುಂಡೋ ಅಷ್ಟು ಹತ್ತು. ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಒಂದು ಹಲಗೆಯ ಗೋಡೆ. ನಾನು ದಾರದ ಉಂಡೆ ಎಣಿಸುತ್ತಿರುವಾಗ ಆ ಕಡೆಯಿಂದ "ಏಳು... ಎಂಟು..." ಕೇಳಿಸಿ, ನನ್ನ ಲೆಕ್ಕ ಕಲಸಿಹೋಗಿ, ಮತ್ತೆ ಮೊದಲಿಂದ ಶುರು ಮಾಡಿದ್ದು ಎಷ್ಟು ಸಲವೋ.

ಇದು ಹುಟ್ಟಿನಿಂದ ಬಂದ ಬುದ್ಧಿಯಲ್ಲ, ಪೆಟ್ಟು ತಿಂದು ಬಂದದ್ದು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವರ ಬಳಿ ಒಬ್ಬ ಮುದುಕಿ ಉಣ್ಣೆಯ ಬಟ್ಟೆ ತಂದಿದ್ದರಂತೆ. ಆಕೆಯ ಗಂಡ ತನಗೊಂದು ಕೋಟು ಹೊಲಿಸಬೇಕೆಂದು ಕೊಂಡಿಟ್ಟು, ಹೊಲಿಸುವ ಮೊದಲೇ ತೀರಿಕೊಂಡಿದ್ದ. ಮಗನಿಗಾದರೂ ಆಗಲಿ ಎಂದು ಆಕೆ ತಂದಿದ್ದರು. ಆ ಬಟ್ಟೆಗೆ ಒಂದು ಮಗ್ಗುಲು ನವಿರು ರೋಮ, ಇನ್ನೊಂದು ಮಗ್ಗುಲು ಬೋಳು. ಎದೆಯ ಎಡಭಾಗ ಕತ್ತರಿಸಿದ ಮೇಲೆ ಬಲಭಾಗಕ್ಕೆ ಅಚ್ಚಿನ ಕಾಗದವನ್ನು ಮಗುಚಿ ಇಡಬೇಕು. ಟೇಲರಮ್ಮ ಮಗುಚಲಿಲ್ಲ. ಎರಡೂ ಎಡಭಾಗವೇ ಆದವು. ಅಂಥ ಬಟ್ಟೆ ಮತ್ತೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಮುದುಕಿ ಬೈಯಲಿಲ್ಲ. ಎರಡು ತುಂಡನ್ನೂ ಒಂದರ ಮೇಲೊಂದು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಬೈದಿದ್ದರೆ ಟೇಲರಮ್ಮ ಮರೆತುಬಿಡುತ್ತಿದ್ದರೋ ಏನೋ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವೆಲ್ಲ ಬಾಯಲ್ಲಿ ಇಟ್ಟುಕೊಂಡಿದ್ದೇವೆ. ಅವರು ಆವತ್ತಿನಿಂದ ಅದನ್ನು ಕೈಗೆ ಕಟ್ಟಿಕೊಂಡರು.

ಈಗ ಸೊಸೆಯ ವಿಚಾರ. ಮಗ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಮನೆಯಲ್ಲಿ ಅವನ ಮಾತು ನಡೆಯುವುದು ಬಲ್ಬು ಸುಟ್ಟುಹೋದಾಗ ಮಾತ್ರ. ಉಳಿದ ರಾಜ್ಯವನ್ನು ಅತ್ತೆ ಸೊಸೆ ಹಂಚಿಕೊಂಡಿದ್ದಾರೆ. ಸೊಸೆ ಫೋನಿನ ಆ್ಯಪ್ ಮಾಡುವವಳು. ಕಟಿಂಗ್ ಮೇಜಿನ ಒಂದು ತುದಿಯಲ್ಲಿ ಅತ್ತೆಯ ಬಟ್ಟೆ, ಇನ್ನೊಂದು ತುದಿಯಲ್ಲಿ ಸೊಸೆಯ ಲ್ಯಾಪ್‌ಟಾಪು. ಹಲ್ಲಿನ ಡಾಕ್ಟರಿಗೆ ಟೋಕನ್ ಕೊಡುವ ಆ್ಯಪ್ ಒಂದು, ಶಾಲೆಯ ವ್ಯಾನು ಎಲ್ಲಿಯವರೆಗೆ ಬಂತೆಂದು ತಾಯಂದಿರಿಗೆ ತೋರಿಸುವ ಆ್ಯಪ್ ಒಂದು, ಇಸ್ತ್ರಿ ಅಂಗಡಿಯದು ಒಂದು. ಮೂರೂ ಆ್ಯಪ್ ಸ್ಟೋರಿನಲ್ಲಿ ಅವಳ ಒಂದೇ ಖಾತೆಯಲ್ಲಿವೆ. ಅವಳ ಹೊಟ್ಟೆಪಾಡೇ ಆ ಖಾತೆ. ಸೊಸೆಗೆ ಸೂಜಿಗೆ ದಾರ ಪೋಣಿಸಲು ಬಾರದು, ಅತ್ತೆಗೆ ಪಾಸ್‌ವರ್ಡು ನೆನಪಿರದು. ಹಾಗಾಗಿ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸುವುದಿಲ್ಲ. ಮನೆಯ ಶಾಂತಿಗೆ ಇದಕ್ಕಿಂತ ಗಟ್ಟಿ ಬುನಾದಿ ನಾನು ಕಂಡಿಲ್ಲ.

ಬುನಾದಿ ಅಲುಗಿದ್ದು ಫೋನಿನಿಂದ. ಟೇಲರಮ್ಮ ಹದಿನಾಲ್ಕು ವರ್ಷ ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಕಟಿಂಗ್ ಹೇಳಿಕೊಟ್ಟವರು. ಕಲಿತವರು ಒಬ್ಬೊಬ್ಬರು ಒಂದೊಂದು ಕಡೆ ಹೋಗಿ ಮನೆಯಲ್ಲೇ ಹೊಲಿಯುತ್ತಾರೆ. ಹೋದವರು ವಿದ್ಯೆಯನ್ನು ತೆಗೆದುಕೊಂಡು ಹೋದರು, ಅನುಮಾನವನ್ನು ಮಾತ್ರ ಗುರುವಿನ ಬಳಿಯೇ ಬಿಟ್ಟುಹೋದರು. ತೋಳಿನ ಸುತ್ತು ಎಷ್ಟು ಬಿಡಬೇಕು, ಕಾಲರಿಗೆ ಎಷ್ಟು ಹೆಚ್ಚಿಗೆ ಇಡಬೇಕು ಎಂದು ದಿನವಿಡೀ ಫೋನು.

"ಅತ್ತೆ, ಬೆಳಗ್ಗಿಂದ ಹನ್ನೊಂದು ಫೋನು. ಹನ್ನೊಂದಕ್ಕೂ ನೀವು ಹೇಳಿದ್ದು ಒಂದೇ ಮಾತು," ಎಂದಳು ಸೊಸೆ ಒಂದು ದಿನ.

"ಅವರು ಕೇಳಿದ್ದೂ ಒಂದೇ ಮಾತು ಕಣೇ. ನಾನೇನ್ ಮಾಡ್ಲಿ?"

"ಅದನ್ನೆಲ್ಲ ಒಂದು ಆ್ಯಪ್‌ಗೆ ಹಾಕಿಬಿಡ್ತೀನಿ. ಅದು ಹೇಳ್ಕೊಡುತ್ತೆ, ನೀವು ಹೊಲ್ಕೊಳ್ಳಿ."

ಹೀಗೆ ಹುಟ್ಟಿತು ಆ ಆ್ಯಪ್. ಅಳತೆ ಹಾಕಿ, ಅಂಗಿಯೋ ಪ್ಯಾಂಟೋ ಫ್ರಾಕೋ ಎಂದು ಆರಿಸಿದರೆ, ಗೆರೆ ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂದು ಹಂತ ಹಂತವಾಗಿ ತೋರಿಸುತ್ತದೆ. ಟೇಲರಮ್ಮ ಎರಡು ಷರತ್ತು ಹಾಕಿದರು. ಮೊದಲನೆಯದು, ಪುಕ್ಕಟೆ ಇರಬೇಕು, ಜಾಹೀರಾತು ಕೂಡದು. "ಪಾಠದ ಮಧ್ಯೆ ಸೋಪು ಮಾರಬೇಡ" ಎಂದರು. ಎರಡನೆಯದು, ಪ್ರತಿ ತುಂಡು ಕತ್ತರಿಸುವ ಮೊದಲು ಆ್ಯಪ್ ನಿಲ್ಲಬೇಕು. ಹತ್ತು ಎಣಿಸಬೇಕು.

"ಅತ್ತೆ, ಫೋನಲ್ಲಿ ಹತ್ತು ಸೆಕೆಂಡು ಅಂದ್ರೆ ಒಂದು ಯುಗ. ಜನ ಮೂರಕ್ಕೇ ಎದ್ದು ಹೋಗ್ತಾರೆ."

"ಹೋಗ್ಲಿ ಬಿಡು. ಮೂರಕ್ಕೇ ಎದ್ದು ಹೋಗೋರ ಕೈಗೆ ಕತ್ತರಿ ಯಾಕೆ?"

"ಮೂಲೇಲಿ ಒಂದು 'ಮುಂದೆ' ಅಂತ ಗುಂಡಿ ಆದ್ರೂ ಇಡ್ಲಾ?"

"ಗುಂಡಿ ಬೇಕಾದ್ರೆ ಪಕ್ಕದ ಅಂಗಡೀಲಿ ಸಿಗುತ್ತೆ. ಇಲ್ಲಿ ಬೇಡ."

ಆ ಹತ್ತು ಸೆಕೆಂಡಿನ ಪುಟಕ್ಕೆ ಫೋಟೋ ತೆಗೆದವರೂ ಟೇಲರಮ್ಮನೇ. ಕಿಟಕಿಯ ಬೆಳಕಿಗೆ ಕಡುನೀಲಿ ಬಟ್ಟೆ ಹಾಸಿ, ಅದರ ಮೇಲೆ ತಮ್ಮ ಕತ್ತರಿಯನ್ನು ಬಾಯಿ ಮುಚ್ಚಿಸಿ ಮಲಗಿಸಿದರು. ಇಪ್ಪತ್ತು ವರ್ಷದ ಹಿಂದೆ ನನ್ನ ಅಂಗಡಿಯಲ್ಲೇ ಕೊಂಡ ಕತ್ತರಿ. ಪರದೆಯ ತುಂಬ ಅದೇ ಚಿತ್ರ, ಕೆಳಗೆ "ಬಟ್ಟೆಯ ಮುಖ ಯಾವ ಕಡೆ? ಇನ್ನೊಮ್ಮೆ ನೋಡಿ" ಎಂಬ ಸಾಲು, ಹಿಂದಿನಿಂದ ಟೇಲರಮ್ಮನ ದನಿಯಲ್ಲಿ ಒಂದು, ಎರಡು, ಮೂರು. ಹತ್ತಾಗುವವರೆಗೆ ಮುಂದೆ ಹೋಗಲು ದಾರಿಯಿಲ್ಲ. ಪರೀಕ್ಷೆಗೆಂದು ಮೊದಲ ದಿನ ನನಗೂ ತೋರಿಸಿದರು. ನಾನು ಫೋನನ್ನು ಮೂಗಿನ ತನಕ ತಂದು ನೋಡಿ, "ಭೇಷ್, ಕತ್ತರಿ ಚೆನ್ನಾಗಿ ಬಂದಿದೆ" ಎಂದೆ.

ಸ್ಟೋರಿಗೆ ಕಳಿಸುವಾಗ ಒಂದು ಅರ್ಜಿ ತುಂಬಬೇಕಂತೆ. ಅದರಲ್ಲಿ "ಜಾಹೀರಾತು ಇದೆಯೇ?" ಎಂಬ ಪ್ರಶ್ನೆಗೆ ಸೊಸೆ "ಇಲ್ಲ" ಎಂದು ಗುರುತು ಹಾಕಿದಳು. ಐದನೆಯ ದಿನ ಉತ್ತರ ಬಂತು. ಹಲಗೆಯ ಈಚೆಗೆ ನನಗೂ ಕೇಳಿಸುವಂತೆ ಓದಿದಳು.

"ನಿಮ್ಮ ಆ್ಯಪ್ ತಿರಸ್ಕೃತವಾಗಿದೆ. ಬಳಸುವವರಿಗೆ ಅಡ್ಡ ಬರುವ, ಮುಚ್ಚಲಾಗದ ಜಾಹೀರಾತು ಇದೆ. ಜಾಹೀರಾತು ಇಲ್ಲವೆಂಬ ನಿಮ್ಮ ಹೇಳಿಕೆ ಸುಳ್ಳು."

ಟೇಲರಮ್ಮ ಬಾಯಿಂದ ಗುಂಡುಸೂಜಿ ತೆಗೆದರು. ಮೂರನ್ನೂ. ಅವರು ಹಾಗೆ ಮಾಡುವುದು ಊಟಕ್ಕೆ ಮತ್ತು ಜಗಳಕ್ಕೆ ಮಾತ್ರ.

"ಸುಳ್ಳಾ? ಯಾರು ಸುಳ್ಳು? ಇಲ್ಲದೇ ಇರೋದನ್ನ ನಾನು ಎಲ್ಲಿಂದ ತೆಗೀಲಿ?"

"ಇರಿ ಅತ್ತೆ, ಏನೋ ತಪ್ಪು ತಿಳ್ಕೊಂಡಿದಾರೆ," ಎಂದು ಸೊಸೆ ಇಡೀ ದಿನ ಕೂತು ಆ್ಯಪಿನ ಒಳಹೊರಗನ್ನೆಲ್ಲ ಜಾಲಾಡಿದಳು. ಸೋಪಿಲ್ಲ, ಪೌಡರಿಲ್ಲ, ಏನೂ ಇಲ್ಲ. "ನಮ್ಮಲ್ಲಿ ಜಾಹೀರಾತೇ ಇಲ್ಲ, ದಯವಿಟ್ಟು ಇನ್ನೊಮ್ಮೆ ನೋಡಿ" ಎಂದು ಬರೆದು ಮತ್ತೆ ಕಳಿಸಿದಳು. ಈ ಸಲ ಉತ್ತರಕ್ಕೆ ಐದು ದಿನ ಬೇಕಾಗಲಿಲ್ಲ. ಹತ್ತು ನಿಮಿಷದಲ್ಲಿ ಬಂತು. ಅದನ್ನು ಓದಿದ್ದು ಮನುಷ್ಯರಾಗಿದ್ದರೆ ಕನ್ನಡಕ ಹುಡುಕಲಿಕ್ಕೇ ಅಷ್ಟು ಹೊತ್ತು ಹಿಡಿಯುತ್ತಿತ್ತು. ಹಳೆಯ ಮಾತುಗಳೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಹೊಸದಾಗಿ ಎರಡು ಸಂಗತಿ ಸೇರಿದ್ದವು. ಒಂದು, ಹತ್ತು ಸೆಕೆಂಡಿನ ಪುಟದ ಚಿತ್ರವನ್ನು ಅಂಟಿಸಿ, ತಪ್ಪು ಇಲ್ಲಿದೆ ಎಂದು ತೋರಿಸಿದ್ದರು. ಇನ್ನೊಂದು ಕೊನೆಯ ಸಾಲು: ಮೂರನೆಯ ಸಲ ತಿರಸ್ಕೃತವಾದರೆ ಖಾತೆಯನ್ನೇ ಮುಚ್ಚಲಾಗುವುದು, ಅದರಲ್ಲಿರುವ ಎಲ್ಲ ಆ್ಯಪ್‌ಗಳ ಸಮೇತ.

ಸೊಸೆಯ ದನಿ ಇಳಿದುಹೋಯಿತು. "ಮೂರು ಆ್ಯಪ್, ಅತ್ತೆ. ನಾಲ್ಕು ವರ್ಷದ ಕೆಲಸ. ಡಾಕ್ಟರ ಟೋಕನ್ನು, ಮಕ್ಕಳ ವ್ಯಾನು, ಎಲ್ಲ ಒಟ್ಟಿಗೇ ಹೋಗುತ್ತೆ."

"ಇದನ್ನ ಕೇಳೋಕೆ ಮನುಷ್ಯರು ಯಾರೂ ಇಲ್ವಾ ಅಲ್ಲಿ?"

"ಇದಾರೆ. ಅಪೀಲು ಅಂತ ಒಂದಿದೆ. ಅದನ್ನ ಮನುಷ್ಯರೇ ನೋಡ್ತಾರಂತೆ. ಆದ್ರೆ ಅವರೂ ಆಗಲ್ಲ ಅಂದ್ರೆ ಅದೇ ಮೂರನೇದು. ಅದರ ಬದಲು ಈ ನಿಲ್ಲೋ ಪುಟ ತೆಗೆದು ಕಳಿಸಿದ್ರೆ ತಕರಾರೇ ಇರಲ್ಲ. ಪರದೆ ತುಂಬ ಚಿತ್ರ, ಹತ್ತು ಸೆಕೆಂಡು, ಮುಚ್ಚೋ ದಾರಿ ಇಲ್ಲ. ಅವರ ಕಣ್ಣಿಗೆ ಅದು ಜಾಹೀರಾತಿನ ಹಾಗೇ ಕಾಣುತ್ತೆ."

ಹೊರಗೆ ನಿಂತು ಕೇಳುತ್ತಿದ್ದ ನಾನು ಬಾಗಿಲಲ್ಲಿ ತಲೆ ಹಾಕಿದೆ. "ತೆಗೆದುಬಿಡಿ ಟೇಲರಮ್ಮ. ಹತ್ತು ಸೆಕೆಂಡಿಗೆ ಯಾಕಿಷ್ಟು ರಂಪ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ಹಾಸಿಗೆ ಹೊಲಿದೋಳು ನಾನು, ಗುಂಡಿಯಣ್ಣ. ಎಷ್ಟಿದೆ ಅಂತ ನಂಗೆ ಗೊತ್ತು," ಎಂದರು ಟೇಲರಮ್ಮ. "ನೆಗಡಿ ಬಂತು ಅಂತ ಮೂಗು ಕುಯ್ಕೊಳ್ಳೋಕೆ ಹೇಳ್ತೀರಲ್ಲ."

ಆವತ್ತು ಹಲಗೆಯ ಆ ಕಡೆಯಿಂದ ಎಣಿಕೆ ಕೇಳಿಸಲಿಲ್ಲ. ಟೇಲರಮ್ಮ ಏನನ್ನೂ ಕತ್ತರಿಸಲಿಲ್ಲ ಎಂದರ್ಥ. ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಲೇ ಸೊಸೆಗೆ ಹೇಳಿದರು.

"ತೆಗೆದುಬಿಡು."

"ಏನನ್ನ?"

"ಹತ್ತನ್ನ. ನಿನ್ನ ತಟ್ಟೆಯ ಮೇಲೆ ನನ್ನ ಹಠ ಇಟ್ಕೊಂಡು ಕೂರೋಕೆ ಆಗಲ್ಲ. ನನ್ನ ಹತ್ತು ನನ್ನ ಮೇಜಿನ ಮೇಲೆ ಇರುತ್ತೆ, ಎಲ್ಲೂ ಹೋಗಲ್ಲ."

ಹೇಳಿದ್ದು ಸಲೀಸಾಗಿಯೇ. ಆದರೆ ಆಮೇಲೆ ಯಾರದೋ ಪ್ಯಾಂಟಿನ ಅಂಚನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿದರು. ಗಿರಾಕಿ ತಪ್ಪು ಹೇಳದೆ ಟೇಲರಮ್ಮ ತಾವಾಗಿಯೇ ಹೊಲಿದದ್ದನ್ನು ಬಿಚ್ಚುವುದು ನಾನು ಕಂಡದ್ದು ಅದೇ ಮೊದಲು.

ಸೊಸೆ ಪುಟ ತೆಗೆದಳು. ಕಳಿಸುವ ಮೊದಲು ಸರಿಯಾಗಿ ಓಡುತ್ತದೋ ಇಲ್ಲವೋ ನೋಡಬೇಕು. ಡಾಕ್ಟರ ಆ್ಯಪನ್ನು ಪರೀಕ್ಷಿಸಬೇಕಾದರೆ ತಾನೇ ರೋಗಿಯಾಗಿ ಟೋಕನ್ ತೆಗೆದುಕೊಂಡು ನೋಡುವವಳು ಅವಳು. ಹಾಗಾಗಿ ಇದಕ್ಕೂ ತಾನೇ ದರ್ಜಿಯಾಗಬೇಕಾಯಿತು. ಅತ್ತೆ ಗಿರಾಕಿಯ ಮನೆಗೆ ಕಿಟಕಿ ಪರದೆಯ ಅಳತೆ ತೆಗೆಯಲು ಹೋದದ್ದೇ ತಡ, ಒಂದು ಹಳೆಯ ಗೆರೆಗೆರೆ ಹಾಸುಬಟ್ಟೆ ಹರಡಿಕೊಂಡಳು. ಆ್ಯಪ್ ಹೇಳಿದಂತೆ ಗೆರೆ ಎಳೆದಳು, ಆ್ಯಪ್ ಹೇಳಿದಂತೆ ಕತ್ತರಿಸಿದಳು. ಎಲ್ಲೂ ನಿಲ್ಲಲಿಲ್ಲ. ಕತ್ತರಿ ಸರಸರ ಹೋಗುವ ಸದ್ದು ನನಗೇ ಕೇಳಿಸಿತು. ಆಮೇಲೆ ಸದ್ದೇ ಇಲ್ಲ.

ಟೇಲರಮ್ಮ ಹಿಂತಿರುಗಿದಾಗ ಅವರ ಹಿಂದೆಯೇ ನಾನೂ ಬಾಗಿಲ ತನಕ ಹೋದೆ. ಸೊಸೆ ಎರಡು ತುಂಡುಗಳನ್ನು ಎದೆಗೆ ಆನಿಸಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು.

"ಏನೇ ಇದು ವೇಷ?"

"ಅಂಗಿ. ಅತ್ತೆ, ಇದ್ಯಾಕೆ ಎರಡೂ ಒಂದೇ ಕಡೆಗೆ ಹೋಗುತ್ತೆ?"

ಟೇಲರಮ್ಮ ತುಂಡುಗಳನ್ನು ಕೈಗೆ ತೆಗೆದುಕೊಂಡು ಅಕ್ಕಪಕ್ಕ ಇಟ್ಟರು. ಹಾಸುಬಟ್ಟೆಯ ಬಣ್ಣದ ಮಗ್ಗುಲು ಎರಡರಲ್ಲೂ ಮೇಲಿತ್ತು. ಎರಡೂ ಎಡಭಾಗ. ಮೂವತ್ತೆರಡು ವರ್ಷದ ಹಿಂದಿನ ತಪ್ಪು, ಚಾಚೂ ತಪ್ಪದೆ, ಹಾಸುಬಟ್ಟೆಯಲ್ಲಿ. ಅವರಿಗೆ ನಗು ಬಂತು. ಆಮೇಲೆ ಕಣ್ಣಲ್ಲಿ ನೀರು ಬಂತು. ಕನ್ನಡಕ ತೆಗೆದು ಸೆರಗಿನಲ್ಲೋ ಬಟ್ಟೆಯ ತುಂಡಿನಲ್ಲೋ ಒರೆಸಿಕೊಂಡರು. ನಾನು ಕೂಡಲೇ ನನ್ನ ಅಂಗಡಿಗೆ ಬಂದುಬಿಟ್ಟೆ.

"ನಾನು ಬುದ್ಧಿವಂತೆ ಅಂದ್ಕೊಂಡಿದ್ದೆ, ಅತ್ತೆ," ಎಂದಳು ಸೊಸೆ, ಹಲಗೆಯ ಆ ಕಡೆ.

"ಬುದ್ಧಿವಂತರೇ ಕಣೇ ಮಗುಚೋದು ಮರೆಯೋದು. ದಡ್ಡರು ಹೆದರ್ಕೊಂಡು ಎರಡು ಸಲ ನೋಡ್ತಾರೆ."

ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಎಳೆದುಕೊಂಡ ಸದ್ದಿನ ಜೊತೆ ಸೊಸೆಯ ದನಿ ಬಂತು. "ಈ ಪುಟ ಇಲ್ಲದೆ ಇದನ್ನ ಕಳಿಸಲ್ಲ. ಅಪೀಲು ಹಾಕೋಣ."

"ಮೂರನೇದಾದ್ರೆ?"

"ಆದ್ರೆ ಆಯ್ತು. ಹಲ್ಲಿನ ಡಾಕ್ಟರು ಚೀಟಿ ಬರೆದು ಕೊಡ್ಲಿ, ಮೊದಲು ಕೊಡ್ತಿರಲಿಲ್ವಾ? ಹೇಳಿ, ಏನಂತ ಬರೀಲಿ?"

ಇಲ್ಲಿ ಟೇಲರಮ್ಮನ ಇನ್ನೊಂದು ಪದ್ಧತಿ ಹೇಳಬೇಕು. ಹೊಲಿಸಿಕೊಂಡ ಬಟ್ಟೆಯನ್ನು ವಾಪಸು ತಂದು "ಇದು ಸರಿಯಿಲ್ಲ" ಎನ್ನುವ ಗಿರಾಕಿ ಎಲ್ಲ ದರ್ಜಿಗಳಿಗೂ ಇರುತ್ತಾನೆ. ಬೇರೆಯವರು ವಾದಕ್ಕೆ ನಿಲ್ಲುತ್ತಾರೆ. ಟೇಲರಮ್ಮ ವಾದಿಸುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಬಟ್ಟೆ ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿ, "ಎಲ್ಲಿ ಹಿಡಿಯುತ್ತೆ? ಬೆರಳಿಡಿ" ಎನ್ನುತ್ತಾರೆ. ಸರಿಯಿಲ್ಲ ಎಂದು ಕೂಗಿದವನು ಆಗ ಮೈಯೆಲ್ಲ ತಡವಿಕೊಂಡು ಕೊನೆಗೆ ಒಂದು ಕಡೆ ಬೆರಳಿಡುತ್ತಾನೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಅಂಗಿಯದಲ್ಲ, ಅದರ ಒಂದು ಕಾಜದ್ದು. ಅಲ್ಲಿ ನಾಲ್ಕು ಹೊಲಿಗೆ ಬಿಚ್ಚಿ ಕೊಟ್ಟರೆ ಮುಗಿಯಿತು.

ಅದನ್ನೇ ಬರೆಸಿದರು. ಅವರು ಹೇಳುತ್ತ ಹೋದದ್ದು, ಸೊಸೆ ಕುಟ್ಟುತ್ತ ಹೋದದ್ದು ಹೀಗಿತ್ತು:

"ಸ್ವಾಮಿ, ನಾನು ಮೂವತ್ತೆಂಟು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದೇನೆ."

"ಸ್ವಾಮಿ ಬೇಡ ಅತ್ತೆ. ಓದೋರು ಹೆಂಗಸಾಗಿದ್ರೆ?"

"ಹಂಗಾದ್ರೆ ಪಕ್ಕಕ್ಕೆ ತಾಯಿ ಅಂತಾನೂ ಸೇರ್ಸು. ಬರ್ಕೋ. ನೀವು ಜಾಹೀರಾತು ಎಂದ ಪುಟದಲ್ಲಿ ನಾನು ಏನನ್ನೂ ಮಾರುತ್ತಿಲ್ಲ. ಕತ್ತರಿಸುವ ಮೊದಲು ನಿಲ್ಲಿ ಎನ್ನುತ್ತಿದ್ದೇನೆ. ನಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಫೋಟೋ ಇಟ್ಟಿದ್ದೇನೆ. ಅದು ನನ್ನ ಸೊಸೆ ಕತ್ತರಿಸಿದ ಎರಡು ಎಡಭಾಗ."

"ಅತ್ತೆ! ನನ್ನ ಮಾನ?"

"ಮಾನ ಆಮೇಲೆ, ಖಾತೆ ಮೊದಲು. ಬರಿ. ಈ ಪುಟದಲ್ಲಿ ನಿಮಗೆ ಎಲ್ಲಿ ಹಿಡಿಯುತ್ತದೋ ಅಲ್ಲಿ ಒಂದು ಬೆರಳಿಟ್ಟು ತೋರಿಸಿ. ಹಿಡಿಯುವ ಕಡೆ ಬಿಚ್ಚಿ ಹೊಲಿದುಕೊಡುವುದು ನನ್ನ ಕಸುಬು. ಇಡೀ ಅಂಗಿ ಎಸೆಯಿರಿ ಅಂದರೆ ಅದು ನನ್ನಿಂದಾಗದು."

ಕಳಿಸುವ ಗುಂಡಿಯ ತನಕ ಹೋದ ಬೆರಳನ್ನು ಸೊಸೆ ಹಿಂದಕ್ಕೆ ತೆಗೆದಳಂತೆ. ಟೇಲರಮ್ಮ ಅವಳ ಭುಜದ ಮೇಲೆ ಕೈಯಿಟ್ಟು ಒಂದರಿಂದ ಎಣಿಸತೊಡಗಿದರಂತೆ. ಹತ್ತಕ್ಕೆ ಒತ್ತಿದಳು.

ಐದು ದಿನ ಸುಮ್ಮನೆ ಕಳೆದವು. ಈ ದಿನಗಳಲ್ಲಿ ಅತ್ತೆ ಸೊಸೆಗೆ ಕತ್ತರಿ ಹಿಡಿಯುವುದನ್ನು ಕಲಿಸಿದರು. ಸೊಸೆ ಅತ್ತೆಗೆ ಪಾಸ್‌ವರ್ಡು ಇಡುವುದನ್ನು ಕಲಿಸಿದಳು, ಅದನ್ನು ಅತ್ತೆ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿಟ್ಟರು. ಅದನ್ನು ಅಳಿಸಲು ಮತ್ತೊಂದು ಜಗಳವಾಯಿತು.

ಆರನೆಯ ದಿನ ಉತ್ತರ ಬಂತು. ಈ ಸಲ ಬರೆದದ್ದು ಮನುಷ್ಯರೇ ಎಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತಿತ್ತು. "ನಿಮ್ಮ ಸೊಸೆಯ ಅಂಗಿಯನ್ನು ನಮ್ಮ ವಿಭಾಗದವರೆಲ್ಲ ನೋಡಿದೆವು" ಎಂದಿತ್ತು. ಮುಂದಿನದು ಇಷ್ಟು: ಹತ್ತು ಸೆಕೆಂಡು ನಿಲ್ಲುವುದರ ಬಗ್ಗೆ ನಮ್ಮ ತಕರಾರಿಲ್ಲ, ಅದು ಪಾಠದ ಭಾಗವೆಂದು ಒಪ್ಪುತ್ತೇವೆ. ಆದರೆ ಬೆರಳಿಡಿ ಎಂದಿರಿ, ಇಟ್ಟಿದ್ದೇವೆ, ನೋಡಿ. ಏಳು ದಿನದಲ್ಲಿ ಸರಿಪಡಿಸಿ ಕಳಿಸಿದರೆ ಹಿಂದಿನ ಎರಡು ತಿರಸ್ಕಾರಗಳನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜೊತೆಗಿದ್ದ ಚಿತ್ರದಲ್ಲಿ ಕತ್ತರಿಯ ಅಲಗಿನ ಮೇಲೆ ಒಂದು ಕೆಂಪು ಸುತ್ತು. ಸೊಸೆ ಅದನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಅಲಗಿನ ಉದ್ದಕ್ಕೂ ಒಂದು ಅಂಗಡಿಯ ಹೆಸರು. ಅದರ ಕೆಳಗೆ ಅದೇ ಅಂಗಡಿಯ ಫೋನ್ ನಂಬರು. ಎರಡೂ ಕಿಟಕಿಯ ಬೆಳಕಿಗೆ ಫಳಫಳ ಹೊಳೆಯುತ್ತಿದ್ದವು.

ಹಲಗೆಯ ಆ ಕಡೆ ಮೊದಲು ಸೊಸೆ ನಕ್ಕಳು. ಆಮೇಲೆ ಟೇಲರಮ್ಮನ ಚಪ್ಪಲಿ ಸದ್ದು ನನ್ನ ಮೆಟ್ಟಿಲ ಮೇಲೆ ಕೇಳಿಸಿತು. ಕತ್ತರಿಯನ್ನು ತಂದು ಕೌಂಟರಿನ ಮೇಲಿಟ್ಟರು.

"ಗುಂಡಿಯಣ್ಣ, ಇದರ ಮೇಲೆ ಏನು ಬರೆದಿದೆ, ಓದಿ."

"ನನ್ನ ಅಂಗಡಿ ಹೆಸರು."

"ಕೆಳಗೆ?"

"ಫೋನ್ ನಂಬರು."

ಮಾರುವ ಪ್ರತಿ ಕತ್ತರಿಯ ಒಂದು ಅಲಗಿಗೆ ಹೆಸರು, ನಂಬರು ಕೊರೆಸುವುದು ನಾನು ಹಳೆಯ ಕಾಲದಿಂದ ಮಾಡಿಕೊಂಡು ಬಂದ ಉಪಾಯ. ಊರಲ್ಲಿ ಬೋರ್ಡು ಹಾಕಿಸಿದರೆ ಬಿಸಿಲು ಮಳೆಗೆ ಹೋಗುತ್ತದೆ. ಕತ್ತರಿಯ ಮೇಲಿನದು ದರ್ಜಿಯ ಕೈಯಲ್ಲೇ ಇರುತ್ತದೆ.

"ಇಪ್ಪತ್ತು ವರ್ಷ ದಿನಾ ಹಿಡಿದಿದೀನಿ, ನಂಗೆ ಕಾಣಲೇ ಇಲ್ಲ," ಎಂದರು ಟೇಲರಮ್ಮ. "ಅವರು ಹೇಳಿದ್ದು ಸುಳ್ಳಲ್ಲ ಹಂಗಾದ್ರೆ. ನನ್ನ ಪಾಠದ ಮಧ್ಯೆ ನಿಮ್ಮ ಸೋಪು. ನೀವು ಆವತ್ತು ಫೋನು ಮೂಗಿಗೆ ಹಿಡ್ಕೊಂಡು ನೋಡಿದ್ರಲ್ಲ, ನಿಮಗೂ ಕಾಣ್ಲಿಲ್ವಾ?"

"ನನ್ನ ಕಣ್ಣೂ ಮೊದಲಿನ ಹಾಗಿಲ್ಲ, ಟೇಲರಮ್ಮ. ಮಂಜು ಮಂಜು."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಎಣಿಸುತ್ತಿದ್ದರೋ ಏನೋ, ತುಟಿ ಅಲುಗಲಿಲ್ಲ. "ಸರಿ, ಫೋಟೋಗೆ ಒಂದು ಕತ್ತರಿ ಕೊಡಿ. ಹೆಸರಿಲ್ಲದ್ದು."

"ನನ್ನ ಅಂಗಡೀಲಿ ಹೆಸರಿಲ್ಲದ ಕತ್ತರಿ ಎಲ್ಲಿಂದ ಬರಬೇಕು?"

ಟೇಲರಮ್ಮ ತಮ್ಮ ಕತ್ತರಿಯನ್ನೇ ಕೈಗೆತ್ತಿಕೊಂಡರು. ಇನ್ನೊಂದು ಮಗ್ಗುಲಿಗೆ ಮಗುಚಿ ನೋಡಿದರು. ಆ ಕಡೆಯ ಅಲಗು ಬೋಳು, ಕನ್ನಡಿಯಂತೆ ಶುಭ್ರ. "ಅಯ್ಯೋ, ಮಗುಚಿದ್ರೆ ಆಗಿತ್ತು," ಎಂದು ನಗುತ್ತ ಮೆಟ್ಟಿಲಿಳಿದರು. ಅರ್ಧ ಗಂಟೆಯಲ್ಲಿ ಹೊಸ ಫೋಟೋ ಹೊರಟುಹೋಯಿತು.

ಮೂರನೆಯ ದಿನ ಬೆಳಗ್ಗೆ ನಾನು ಗುಂಡಿಯ ಡಬ್ಬಿಗಳ ಧೂಳು ಕೊಡವುತ್ತಿದ್ದೆ. ಆ ಕಡೆಯಿಂದ ಎಣಿಕೆ ನಡೆದಿತ್ತು. ನಾಲ್ಕು, ಐದು, ಆರು. ಅಷ್ಟರಲ್ಲಿ ಸೊಸೆ ಕಿರುಚಿದಳು.

"ಅತ್ತೆ! ಒಪ್ಪಿದ್ರು! ಹತ್ತೂ ಸೆಕೆಂಡು ಹಾಗೇ ಇದೆ! ಖಾತೆ ಮೇಲೆ ಒಂದು ಕಲೆ ಇಲ್ಲ!"

"ಕೂಗಬೇಡ ಕಣೇ, ಆರಕ್ಕೆ ಬಂದಿದ್ದೆ," ಎಂದರು ಟೇಲರಮ್ಮ. ಮತ್ತೆ ಒಂದರಿಂದ ಶುರು ಮಾಡಿದರು. ಆದರೆ ಎಣಿಕೆ ಮುಂದೆ ಸಾಗಲಿಲ್ಲ. ಮೂರರ ಬಳಿ ಸಿಕ್ಕಿಕೊಂಡಿತು. ಉಳಿದ ಏಳನ್ನು ಸೊಸೆ ಎಣಿಸಿ ಮುಗಿಸಿದಳು.

ಈಗ ಆ ಆ್ಯಪ್ ಎಷ್ಟು ಫೋನುಗಳಲ್ಲಿ ಇದೆಯೋ ಸೊಸೆಗೇ ಗೊತ್ತು. ಟೇಲರಮ್ಮನಿಗೆ ಬರುವ ಫೋನುಗಳೇನೂ ಕಡಿಮೆಯಾಗಿಲ್ಲ. ಮೊದಲು ಅನುಮಾನ ಕೇಳಲು ಮಾಡುತ್ತಿದ್ದರು, ಈಗ ಬೈಯಲು ಮಾಡುತ್ತಾರೆ. ಮೊನ್ನೆ ಒಬ್ಬ ಹಳೆಯ ಶಿಷ್ಯೆ ಮಾಡಿದ್ದಳು. "ಅಮ್ಮ, ನಿಮ್ಮ ಎಣಿಕೆ ಕೇಳಿ ಕೇಳಿ ಮೈಯೆಲ್ಲ ಉರಿದುಹೋಯ್ತು. ಫೋನು ಎಸೀಬೇಕು ಅನ್ನೋವಷ್ಟರಲ್ಲಿ ಏಳು ಅಂದ್ರಿ. ಏಳಕ್ಕೆ ನೋಡ್ತೀನಿ, ಬಟ್ಟೆ ಮಗುಚೇ ಇಲ್ಲ!" ಟೇಲರಮ್ಮ ಫೋನನ್ನು, ಎಲ್ಲರಿಗೂ ಕೇಳಲೆಂದು, ಕಿವಿಯಿಂದ ದೂರ ಹಿಡಿದಿದ್ದರು. ಸೊಸೆ ತಾನು ಹೊಲಿದ ಮೊದಲ ಅಂಗಿಯನ್ನು ಗಂಡನಿಗೆ ಕೊಟ್ಟಿದ್ದಾಳೆ. ಒಂದು ತೋಳು ಬೆರಳಗಲ ಉದ್ದ. ಅವನು ಅದನ್ನು ಗ್ಯಾರೇಜಿಗೆ ಹಾಕಿಕೊಂಡು ಹೋಗುತ್ತಾನೆ, ಮಡಚಿ.

ಅಲಗಿನ ಮೇಲೆ ನನ್ನ ಹೆಸರಿರುವುದು ಪರೀಕ್ಷೆಯ ದಿನವೇ ನನಗೆ ಕಂಡಿತ್ತು. ಖರ್ಚಿಲ್ಲದ ಬೋರ್ಡು ಎಂದು ಬಾಯಿ ಮುಚ್ಚಿಕೊಂಡೆ. ಎರಡನೆಯ ತಿರಸ್ಕಾರ ಬಂದಾಗ ಕಾರಣ ಅದೇ ಇರಬಹುದೆಂದು ಹೊಳೆದಿತ್ತು. ಆಗಲೂ ಹತ್ತು ಸೆಕೆಂಡನ್ನು ತೆಗೆಯಿರಿ ಎಂದೆ, ನನ್ನ ಹೆಸರನ್ನು ತೆಗೆಯಿರಿ ಎನ್ನಲಿಲ್ಲ. ಕಣ್ಣು ಮಂಜು ಎಂದದ್ದು ಸುಳ್ಳು. ಈ ನಿಜವನ್ನು ನಾನು ಟೇಲರಮ್ಮನಿಗೂ ಅವರ ಸೊಸೆಗೂ ಮುಖ ಕೊಟ್ಟು ಹೇಳಬೇಕಿದೆ. ಇನ್ನೂ ಹೇಳಿಲ್ಲ.